ತಗಡು ಕದ್ದ ಕೇಸು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಎರಡು ಸಲವೂ ತಲೆಬುಡ ತಿಳಿಯಲಿಲ್ಲ.

"ಕಳುವಾಗಿದ್ದು ಯಂತ್ರಾನಾ?"

"ಅಲ್ಲ ಸಾರ್, ಯಂತ್ರದ ಮೇಲಿದ್ದ ತಗಡು," ಎಂದ ಲೀಸ್ ಕಂಪನಿಯ ಅಧಿಕಾರಿ. "ರಟ್ಟಿನ ಡಬ್ಬಿ ಕಾರ್ಖಾನೆಗೆ ನಾವೇ ಯಂತ್ರ ಲೀಸಿಗೆ ಕೊಟ್ಟಿರೋದು. ಇದು ನಮ್ಮ ಸ್ವತ್ತು ಅಂತ ಒಂದೊಂದಕ್ಕೂ ಫಲಕ ಹೊಡೆದಿದ್ವಿ. ಇವತ್ತು ಹೋಗಿ ನೋಡಿದ್ರೆ ಒಂದೂ ಇಲ್ಲ."

"ಯಂತ್ರ ಇದೆಯಾ?"

"ಇದೆ. ಓಡ್ತಾನೂ ಇದೆ."

"ಹಸು ಕೊಟ್ಟಿಗೇಲೇ ಇದೆ, ಗಂಟೆ ಮಾತ್ರ ಹೋಗಿದೆ," ಎಂದು ದಫೇದಾರ ನಕ್ಕ.

ನಕ್ಕರೂ ದೂರು ದೂರೇ. ಎಫ್‌ಐಆರ್ ದಾಖಲಿಸಿ ಇಬ್ಬರೂ ಜೀಪು ಹತ್ತಿದರು.

ಕಾರ್ಖಾನೆಯ ಮಾಲೀಕ ಬಾಗಿಲಲ್ಲೇ ಕರವಸ್ತ್ರ ಹಿಂಡುತ್ತ ನಿಂತಿದ್ದ. ಬಂಡವಾಳ ಹಾಕಲು ಒಬ್ಬ ಮೇಡಂ ಅದೇ ದಿನ ಬಂದಿದ್ದರು.

"ಬಾಡಿಗೆ ಯಂತ್ರ ಅಂತ ಅವರಿಗೆ ಗೊತ್ತಾಗದಿರಲಿ ಅಂತ ನೀವೇ ತೆಗೆಸಿದ್ರಾ?"

"ಅವರು ದುಡ್ಡು ಹಾಕದಿದ್ರೆ ಈ ತಿಂಗಳೇ ಬೀಗ, ಅದು ನಿಜ. ಆದ್ರೆ ನಾನು ತೆಗೆಸಿಲ್ಲ ಸಾರ್."

ಇನ್ಸ್‌ಪೆಕ್ಟರಿಗೆ ಕೇಸು ಅಲ್ಲಿಗೇ ಮುಗಿದಂತೆ ಕಂಡಿತು. ಆಫೀಸಿನಲ್ಲಿ ಕೂತಿದ್ದ ಮೇಡಂ ಅದನ್ನು ಮತ್ತೆ ಗೋಜಲು ಮಾಡಿದರು.

"ಲೀಸಿನ ವಿಷಯ ನನಗೆ ಮೊದಲೇ ಗೊತ್ತು. ಬ್ಯಾಲೆನ್ಸ್ ಶೀಟಿನ ಸಾಲದ ಪಟ್ಟೀಲಿ ಇಲ್ಲ, ಆದ್ರೆ ಕೊನೇಲಿ ಸಣ್ಣಕ್ಷರದ ಟಿಪ್ಪಣೀಲಿದೆ. ಮುಂದೆ ಕಟ್ಟಬೇಕಾದ ಬಾಡಿಗೇನ ನಾನು ಸಾಲಕ್ಕೇ ಸೇರಿಸ್ಕೋತೀನಿ. ಕೆಲಸಗಾರರ ಪಿಂಚಣಿನೂ ಅಷ್ಟೆ. ಕೊಡ್ತೀವಿ ಅಂದಿದಾರೆ, ಅದಕ್ಕೆ ತೆಗೆದಿಟ್ಟಿರೋದು ಅರ್ಧ ಕೂಡ ಇಲ್ಲ."

"ಪಿಂಚಣಿ ಹೇಗೆ ಸಾಲ ಆಗುತ್ತೆ? ಯಾರೂ ಏನೂ ಕೊಟ್ಟಿಲ್ವಲ್ಲ."

"ಕೊಟ್ಟಿದಾರಲ್ಲ, ಮೂವತ್ತು ವರ್ಷದ ದುಡಿಮೆ."

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. "ಎಲ್ಲ ಗೊತ್ತಿದ್ದ ಮೇಲೆ ತಗಡು ಹೋದ್ರೆ ನಿಮಗೇನು?"

"ತಗಡಿದ್ದಿದ್ರೆ ಇಷ್ಟೊತ್ತಿಗೆ ಸಹಿ ಹಾಕಿ ಹೋಗಿರ್ತಿದ್ದೆ. ಇದನ್ನ ಮುಚ್ಚಿಟ್ಟವರು ಇನ್ನೇನೇನು ಮುಚ್ಚಿಟ್ಟಿದಾರೋ! ಮಾಲೀಕರೇ ಮಾಡಿಸಿದ್ರೆ ನಾನು ಎದ್ದು ಹೋಗ್ತೀನಿ. ಸಂಜೆವರೆಗೆ ಕಾಯ್ತೀನಿ."

ಕದ್ದರೂ ಲಾಭವಿಲ್ಲದ ಕಳ್ಳತನ, ತೋರಿಸಿದ್ದರೆ ನಷ್ಟವಿರದ ಗುಟ್ಟು. ಇದೆಂಥ ಕೇಸಪ್ಪಾ ಎಂದುಕೊಳ್ಳುತ್ತ ಅವರು ಪಂಚನಾಮೆಗೆ ಇಳಿದರು.

ಪ್ರತಿ ಯಂತ್ರದ ಮೇಲೂ ಫಲಕವಿದ್ದ ಜಾಗ ಬೆಳ್ಳಗೆ ಉಳಿದಿತ್ತು. ನಾಲ್ಕೂ ಮೂಲೆಯ ತೂತುಗಳಲ್ಲಿ ಸ್ಕ್ರೂಗಳನ್ನು ಮಾತ್ರ ಬಿಗಿಯಾಗಿ ವಾಪಸ್ ಕೂರಿಸಲಾಗಿತ್ತು.

"ಭಾರಿ ಮರ್ಯಾದಸ್ಥ ಕಳ್ಳ," ಎಂದ ದಫೇದಾರ. "ಸ್ಕ್ರೂ ಯಾಕೆ ವಾಪಸ್ ಹಾಕಿದ್ನೋ!"

"ತೂತು ಬಿಟ್ರೆ ರಟ್ಟಿನ ಧೂಳು ಒಳಗೆ ಹೋಗುತ್ತಲ್ಲ ಸಾರ್, ಬೇರಿಂಗ್ ಹಾಳಾಗುತ್ತೆ," ಎಂದು ಪಕ್ಕದಲ್ಲಿದ್ದ ಹಳೆಯ ಮೆಕ್ಯಾನಿಕ್ ಥಟ್ಟನೆ ಹೇಳಿ, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ಯಂತ್ರಗಳಿಗೆ ಎಣ್ಣೆ ಬಿಡುವ ಅವನನ್ನು ಕಾರ್ಖಾನೆಯವರೆಲ್ಲ ಎಣ್ಣೆ ಮಾವ ಎನ್ನುತ್ತಿದ್ದರು.

ಇನ್ಸ್‌ಪೆಕ್ಟರ್ ಅವನ ಮುಖವನ್ನೇ ನೋಡಿದರು. "ನಿಮ್ಮ ಮಾಲೀಕರನ್ನ ಠಾಣೆಗೆ ಕರ್ಕೊಂಡು ಹೋಗ್ತಿದೀವಿ."

ಮಾವ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟ. "ಅವರಿಗೇನೂ ಗೊತ್ತಿಲ್ಲ ಸಾರ್. ನಾನೇ."

ಅವನ ಉಪಕರಣಗಳ ಕಪಾಟಿನಿಂದ ಫಲಕಗಳ ಗಂಟು ಹೊರಬಂತು. ಅವುಗಳಿಗೂ ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದ. ಪಂಚರ ಮುಂದೆ ವಶಪಡಿಸಿಕೊಂಡರು.

"ಯಾಕೆ ಮಾಡಿದ್ರಿ?"

"ಎಲ್ಲ ಬಾಡಿಗೇದು ಅಂತ ಕಂಡ್ರೆ ಮೇಡಂ ಬಂದ ದಾರಿ ಹಿಡೀತಾರೆ ಅಂದ್ಕೊಂಡೆ. ಬೀಗ ಬಿದ್ರೆ ಪಿಂಚಣಿ ಯಾರು ಕೊಡ್ತಾರೆ? ಭಾವ ಇಲ್ಲೇ ದುಡಿದು ತೀರಿಹೋದ. ಅವನ ಪಿಂಚಣೀಲೇ ಅಕ್ಕನ ಒಲೆ ಉರೀತಿರೋದು. ನನಗೂ ಇನ್ನೆರಡೇ ವರ್ಷ."

"ಮಾಲೀಕರೇ ತೆಗೆಸಿದ್ರೆ ಎದ್ದು ಹೋಗ್ತೀನಿ ಅಂತಿದಾರೆ ಮೇಡಂ. ಲೀಸಿನ ವಿಷಯ ಅವರಿಗೆ ಮೊದಲೇ ಗೊತ್ತಿತ್ತು."

ಮಾವ ಕಣ್ಣು ಮಿಟುಕಿಸಿದ. "ಹಂಗಾದ್ರೆ ನಾನು ಮುಚ್ಚಿಟ್ಟಿದ್ದು ಏನನ್ನ ಸಾರ್?"

ಇನ್ಸ್‌ಪೆಕ್ಟರ್ ದಫೇದಾರನ ಕೈಗೆ ಪೆನ್ನು ಕೊಟ್ಟರು. ಹೇಳಿಕೆ ಬರೆಸಿಕೊಂಡರು. ಸಹಿಗೆ ಮೊದಲು ಮಾಲೀಕ ಅವರನ್ನು ಪಕ್ಕಕ್ಕೆ ಕರೆದು ಕಾರ್ಖಾನೆಯ ಪಿಂಚಣಿ ನಿಯಮ ತಿಳಿಸಿದ. ಅದನ್ನು ಬಚ್ಚಿಡಲು ಅವರಿಗೆ ಮನಸ್ಸಾಗಲಿಲ್ಲ.

"ಕಳ್ಳತನ ಒಪ್ಪಿಕೊಂಡ್ರೆ ನಿಮ್ಮ ಪಿಂಚಣಿ ಹೋಗುತ್ತೆ. ಯೋಚನೆ ಮಾಡಿ."

"ಅಕ್ಕಂದು?"

"ಅದು ಹೋಗಲ್ಲ."

"ನಾನು ಒಪ್ಪದಿದ್ರೆ ಮಾಲೀಕರ ತಲೆಗೆ ಬರುತ್ತೆ, ಮೇಡಂ ಹೋಗ್ತಾರೆ. ಅಷ್ಟೇ ತಾನೆ?" ಎಂದು ಮಾವ ಸಹಿ ಹಾಕಿದ. ಸಂಜೆ ನಾಲ್ಕೂ ಮುಕ್ಕಾಲಿಗೆ ದಸ್ತಗಿರಿಯಾಯಿತು.

ಮೇಡಂ ವಿಷಯ ಕೇಳಿ ತಲೆಯಾಡಿಸಿದರು. ಸಾಲದ ಲೆಕ್ಕದಿಂದ ಮಾವನ ಪಿಂಚಣಿ ಕಳೆದು, ಕಾರ್ಖಾನೆಯ ಬೆಲೆಯನ್ನು ಅಷ್ಟು ಏರಿಸಿ, ಸಹಿ ಹಾಕಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಜೀಪಿನಲ್ಲಿ ಮಾವ ಕೇಳಿದ್ದು ಒಂದೇ. "ಸಹಿ ಹಾಕಿದ್ರಾ ಸಾರ್?"

"ಹಾಕಿದ್ರು."

"ಬೆಲೆ ಇಳಿಸಲಿಲ್ಲ ತಾನೆ?"

"ಇಲ್ಲ. ಸ್ವಲ್ಪ ಏರಿಸಿದ್ರು."

ಮಾವನ ಮುಖ ಅರಳಿತು. "ನೋಡಿದ್ರಾ, ತಗಡು ತೆಗೆದಿದ್ದು ಒಳ್ಳೇದೇ ಆಯ್ತು," ಎಂದು ದಫೇದಾರನ ತೊಡೆ ತಟ್ಟಿದ. ಇನ್ಸ್‌ಪೆಕ್ಟರ್ ಹೌದೆಂದು ತಲೆಯಾಡಿಸಿ ಮುಂದಿನ ರಸ್ತೆಯತ್ತ ತಿರುಗಿ ಕೂತರು.