ಹೊರಗಿನಿಂದ ಬಂದ ಸೋಂಕು

ತೆರೆಯ ಮೇಲೆ ಒಂದು ಓಣಿ ಮೂಡಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಹಿಂದಿನ ಓಣಿ ಅದು. ಒತ್ತೊತ್ತಾದ ಮನೆಗಳು, ಅವುಗಳ ಕಿಟಕಿಗಳು, ಒಳಗೆ ಗಾಳಿ ಸುಳಿಯುವ ದಿಕ್ಕು ಎಲ್ಲವೂ ಅದರಲ್ಲಿದ್ದವು. ಮನುಷ್ಯಾಕೃತಿಗಳು ಹಿಮ್ಮುಖವಾಗಿ ನಡೆಯುತ್ತಿದ್ದವು. 'ಜಾಡು' ಕಾಲವನ್ನು ಹಿಂದಕ್ಕೆ ಓಡಿಸುತ್ತಿತ್ತು. ಡಾ. ಮಂದಾಕಿನಿ ಕುರ್ಚಿಯನ್ನು ತೆರೆಯ ಹತ್ತಿರ ಎಳೆದುಕೊಂಡರು.

ಜಾಡು ಅವರೇ ಕಟ್ಟಿದ ಗಣಕ ಮಾದರಿ. ಕ್ಷಯದ ರೋಗಾಣು ದೇಹದಿಂದ ದೇಹಕ್ಕೆ ದಾಟುತ್ತ ಹೋದಂತೆ ಅದರ ವಂಶಲಿಪಿಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ, ಬಾಯಿಂದ ಬಾಯಿಗೆ ಹೋದ ಹಾಡಿನಲ್ಲಿ ಪದಗಳು ಬದಲಾದಂತೆ. ಆ ಬದಲಾವಣೆಗಳನ್ನು ಹೋಲಿಸಿ, ಶ್ವಾಸಕೋಶದ ಚಿತ್ರಗಳು, ಮನೆಯ ಗಾಳಿಯಾಟ, ಯಾರು ಯಾರೊಡನೆ ಎಷ್ಟು ಹೊತ್ತು ಇದ್ದರೆಂಬ ವಿವರ ಇವನ್ನೆಲ್ಲ ಸೇರಿಸಿ, ಸೋಂಕು ನಡೆದುಬಂದ ದಾರಿಯನ್ನು ಜಾಡು ಲೆಕ್ಕಹಾಕುತ್ತಿತ್ತು. ಮೂಲ ಸಿಕ್ಕಿದರೆ ಅಲ್ಲಿಗೇ ಔಷಧ ಕೊಡಬಹುದು. ಓಣಿಯ ಉಳಿದವರು ಪಾರಾಗುತ್ತಾರೆ.

ಆ ದಿನ ಹುಡುಕುತ್ತಿದ್ದದ್ದು ಚಂದ್ರಿಕಾ ಎಂಬ ಪುಟ್ಟ ಹುಡುಗಿಗೆ ರೋಗ ತಗುಲಿದ ದಾರಿಯನ್ನು. ಕ್ಷಯ ಮಿದುಳಿನ ಪೊರೆಗೆ ಏರಿತ್ತು. ಜೀವ ಉಳಿಯಿತು, ಕಿವಿ ಹೋಯಿತು. ತೆರೆಯ ಮೇಲಿನ ಗೆರೆ ಮಗುವಿನಿಂದ ಹಿಂದೆ ಸರಿದು, ಅದೇ ಮನೆಯ ಗಂಡಸಿನ ಎದೆಗೆ ಬಂದು ನಿಂತಿತು. ಮಗುವಿನ ತಂದೆ ಎರ್ರಿಸ್ವಾಮಿ.

ಅವನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ. ಜೀನ್ಸ್ ಹೊಲಿಯುವ ಬೆರಳುಗಳಲ್ಲಿ ನೀಲಿ ಬಣ್ಣ ಹಾಗೇ ಇತ್ತು.

"ಮಿಷನ್ ಏನಂತೈತ್ರಿ ಮೇಡಂ? ಕೂಸಿಗೆ ಯಾರಿಂದ ಬಂತು?"

ಉತ್ತರ ಕೇಳುವ ಮೊದಲೇ ಅವನ ಮುಖ ಬಿಳಿಚಿಕೊಂಡಿತ್ತು. ಮಂದಾಕಿನಿ ಅವನ ಪಕ್ಕದಲ್ಲೇ ಕೂತರು. ಇವನಿಗೆ ಹೇಗೂ ಚಿಕಿತ್ಸೆ ಆಗುತ್ತದೆ, ಸೋಂಕು ಇಲ್ಲಿಗೆ ನಿಲ್ಲುತ್ತದೆ. ನಿಜ ಹೇಳಿದರೆ ಇನ್ನೇನು ವಾಸಿಯಾದೀತು ಎಂದುಕೊಂಡರು.

"ನಿಮಗೂ ಕ್ಷಯ ಇದೆ, ಮಾತ್ರೆ ತಪ್ಪಿಸಬೇಡಿ. ಆದರೆ ಇಬ್ಬರಿಗೂ ಹೊರಗಿನವರು ಯಾರಿಂದಲೋ ಬಂದಿದೆ."

"ನನ್ನಿಂದ ಅಲ್ಲಲ್ರೀ?"

"ಅಲ್ಲ."

ಎರ್ರಿಸ್ವಾಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಒಳ್ಳೆಯದನ್ನೇ ಮಾಡಿದೆ ಎಂದು ಮಂದಾಕಿನಿಗೆ ಅನ್ನಿಸಿತು.

ಕೆಲವು ತಿಂಗಳ ಬಳಿಕ ಮಗುವನ್ನು ನೋಡಲು ಅವರು ಆ ಮನೆಗೆ ಹೋದರು. ಚಂದ್ರಿಕಾ ಹೊಸ್ತಿಲಲ್ಲಿ ಒಬ್ಬಳೇ ಕೂತು ಬಟ್ಟೆಯ ಚೂರುಗಳನ್ನು ಜೋಡಿಸುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಲಿಲ್ಲ. ತಾಯಿ ಈರಮ್ಮ ಬಾಗಿಲ ಬಳಿಯೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು.

"ಮಗೂನ ನೋಡ್ಕೊಳ್ತಿದ್ದ ಪಕ್ಕದ ಮನೆ ಅಜ್ಜಿ ಎಲ್ಲಿ?" ಎಂದು ಮಂದಾಕಿನಿ ಕೇಳಿದರು.

"ಹುಲಿಗೆಮ್ಮಾ? ಓಣಿಯವರೆಲ್ಲ ಸೇರಿ ಮನಿ ಬಿಡಿಸಿದ್ವಿ. ಹೊರಗಿನವರಿಂದ ಬಂತು ಅಂತ ನೀವೇ ಹೇಳಿದ್ರಲ್ರಿ. ಹೊರಗಿನವರು ಇನ್ಯಾರದಾರ? ದಿನಾ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕೆಮ್ಮಾಕಿ ಆಕೀನೇ."

"ಅವರ ಕಫ ಪರೀಕ್ಷೆ ಮಾಡಿದ್ವಿ, ಏನೂ ಇರಲಿಲ್ಲ. ಅವರು ದುಡೀತಿದ್ದ ಮೆಣಸಿನಕಾಯಿ ಗೋದಾಮಿನ ಧೂಳಿನ ಕೆಮ್ಮು ಅದು."

"ಈಗಿಲ್ಲ, ಆಗ ಇತ್ತು ಅಂದ್ರು ಎಲ್ಲಾರೂ."

ಎರ್ರಿಸ್ವಾಮಿ ಊಟಕ್ಕೆ ಬರುವವರೆಗೂ ಮಂದಾಕಿನಿ ಅಲ್ಲೇ ಕೂತರು. ಅವನು ಬಂದ ಮೇಲೆ ಗಂಡಹೆಂಡಿರ ಎದುರಿಗೆ, ಗೆರೆ ಎಲ್ಲಿ ನಿಂತಿತ್ತೆಂಬುದನ್ನು ಹೇಳಿದರು.

ಅವನು ಹೊಸ್ತಿಲಲ್ಲಿ ಆಡುತ್ತಿದ್ದ ಮಗಳ ಕಡೆ ನೋಡಿದ. ಆಮೇಲೆ, "ನನಗ ಗೊತ್ತಿತ್ರೀ" ಎಂದ. "ಕೂಸಿಗೆ ಜ್ವರ ಬರಾಕಿಂತ ಮೊದ್ಲಿಂದನೂ ಕೆಮ್ಮಿತ್ತು ನನಗ. ಕೆಲಸ ಬಿಡಿಸ್ತಾರ ಅಂತ ಯಾರಿಗೂ ಹೇಳಿರಲಿಲ್ಲ. ನೀವು ಅಲ್ಲ ಅಂದ್ರಿ. ಮಿಷನ್ ಸುಳ್ಳು ಹೇಳಂಗಿಲ್ಲ ಅಂತ ನಂಬಿದೆ. ಆಕೀನ್ನ ಬೈಯಾಗ ಸುಮ್ನ ನಿಂತಿದ್ದೆ."

"ಮಿಷನ್ ಹೇಳಲಿಲ್ಲ ಸುಳ್ಳು. ನಾನು ಹೇಳಿದೆ."

ಈರಮ್ಮ ಇಬ್ಬರ ಮುಖವನ್ನೂ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮಂದಾಕಿನಿಯೂ ಎರ್ರಿಸ್ವಾಮಿಯೂ ಕಂಪ್ಲಿಗೆ ಹೋದರು. ಹುಲಿಗೆಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಳು. ಮನೆಯಲ್ಲೆಂದರೆ ಒಳಗಲ್ಲ, ಅಂಗಳದ ಕೊನೆಯಲ್ಲಿ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೆ ಅವಳ ಕೌದಿ, ತಾಟು, ಲೋಟ ಇದ್ದವು.

"ಒಳಗ ಬಾ ಅಂದ್ರೂ ಬರವಲ್ಲಳು" ಎಂದಳು ಮಗಳು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡೇ. "ಇವನು ಹುಟ್ಟಿದಾಗಿಂದ ಒಂದಿನ ಮುಟ್ಟಿಲ್ಲ. ಒಂದು ಕೂಸು ಕೆಡಿಸೀನಿ ಸಾಕು ಅಂತಾಳ."

ಮಂದಾಕಿನಿ ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಹುಲಿಗೆಮ್ಮ ಕೇಳಿಸಿಕೊಂಡಳು.

"ಏನಿಲ್ಲ ಅಂತ ನನಗೂ ಹೇಳಿದ್ರು ದವಾಖಾನ್ಯಾಗ" ಎಂದಳು. "ಆದ್ರ ಇಡೀ ಓಣಿ ಅಂದಮ್ಯಾಗ ನಾನೂ ಹೌದು ಅಂದ್ಕೊಂಡೆ."

"ತಪ್ಪು ನನ್ನದು, ಅಮ್ಮ."

ಹುಲಿಗೆಮ್ಮ ತಲೆಯೆತ್ತಿದಳು. ಹತ್ತಿರ ಬರಲಾರದೆ ಬೇಲಿಯ ಬಳಿಯೇ ನಿಂತಿದ್ದ ಎರ್ರಿಸ್ವಾಮಿಯನ್ನು ನೋಡಿದಳು. "ಉಣ್ತೀಯೋ ಇಲ್ಲೋ ನೀನು? ಹಿಂಗ್ಯಾಕ ಆಗೀಯಪ್ಪ. ಬಾ, ಕೂಡು."

ಮಗಳು ಕೂಸನ್ನು ತಂದು ತಾಯಿಯ ಮಡಿಲಲ್ಲಿ ಇಟ್ಟಳು. ಹುಲಿಗೆಮ್ಮ ಮೊದಲು ಕೈ ಮೇಲೆತ್ತಿ ಹಿಡಿದಳು. ಆಮೇಲೆ ಮೆಲ್ಲಗೆ ಇಳಿಸಿ, ಅದರ ಪಾದವನ್ನು ಅಂಗೈಯಲ್ಲಿ ತುಂಬಿಕೊಂಡಳು. ಕೂಸು ಅವಳ ಮೂಗುಬಟ್ಟಿಗೆ ಕೈ ಹಾಕಿತು. ಅವಳು ನಕ್ಕಳು. ನಕ್ಕಾಗಲೇ ಕೆಮ್ಮು ಒತ್ತರಿಸಿ ಬಂತು. ಥಟ್ಟನೆ ಕೂಸನ್ನು ಮಗಳ ಕೈಗೆ ಕೊಟ್ಟು, ಬಾಯಿಗೆ ಸೆರಗೊತ್ತಿಕೊಂಡು ಎದ್ದವಳು ಅಂಗಳದ ಆಚೆ ತುದಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತಳು.

"ಏನೂ ಆಗಲ್ಲ ಅಮ್ಮ, ಬನ್ನಿ" ಎಂದು ಮಂದಾಕಿನಿ ಕರೆದರು. ಮತ್ತೆ ಕರೆದರು. ಹುಲಿಗೆಮ್ಮ ತಿರುಗಲಿಲ್ಲ.