ಸದ್ದಿನ ಸಾಣಿಗೆ

ಕುಕ್ಕರ್ ಮೂರು ಸಲ ಕೂಗಿತು. ಅಡುಗೆಮನೆಯ ಬಾಗಿಲಲ್ಲಿ ಕೂತು ಬಾಟಲಿ ಮುಚ್ಚಳಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ ಒಂಬತ್ತು ವರ್ಷದ ಮೇದಿನಿ ಕಿರುಚಲಿಲ್ಲ, ಮಂಚದ ಕೆಳಗೆ ನುಸುಳಲಿಲ್ಲ. ಹಸಿರು ಮುಚ್ಚಳದ ಪಕ್ಕಕ್ಕೆ ಇನ್ನೊಂದು ಹಸಿರು ಮುಚ್ಚಳ ಇಟ್ಟಳು, ಅಷ್ಟೇ. ಅವಳ ತಾಯಿ ಶಶಿಕಲಾ ಸೌಟು ಹಿಡಿದುಕೊಂಡೇ ಅತ್ತಳು. ಆರು ವರ್ಷಗಳಲ್ಲಿ ಆ ಮನೆಯಲ್ಲಿ ಬೇಳೆ ಇಷ್ಟು ಶಾಂತವಾಗಿ ಬೆಂದದ್ದು ಅದೇ ಮೊದಲು.

ಮನುಷ್ಯ ಚಂದ್ರನ ಮೇಲೆ ಗಣಿ ತೋಡುತ್ತಿದ್ದ ಕಾಲ ಅದು. ಹುಬ್ಬಳ್ಳಿಯ ಬಸ್ಸುಗಳಿಗೆ ಚಾಲಕರೇ ಬೇಕಿರಲಿಲ್ಲ. ಕುಕ್ಕರ್ ಮಾತ್ರ ಹಿಂದಿನ ಹಾಗೆಯೇ ಕೂಗುತ್ತಿತ್ತು. ಪಾತ್ರೆಯಲ್ಲಿ ಬೇಯಿಸೋಣವೆಂದರೆ ಪಕ್ಕದ ಮನೆಯದು ಕೂಗುತ್ತಿತ್ತು. ಮೇದಿನಿಗೆ ಆಟಿಸಂ ಇತ್ತು. ಮಿಕ್ಸರ್, ಕರೆಗಂಟೆ, ಬೀದಿನಾಯಿ, ಹೀಗೆ ಬೇರೆಯವರ ಕಿವಿಗೆ ತಾಗಿ ಹೋಗುವ ಸದ್ದು ಅವಳ ಎದೆಗೇ ಬಡಿಯುತ್ತಿತ್ತು. ಅದಕ್ಕೇ ಶಶಿಕಲಾ ಪ್ರತಿ ಸದ್ದಿಗೂ ಮುಂಚೆ ಮಗಳ ಮುಂದೆ ಮೊಣಕಾಲೂರಿ ಹೇಳುವಳು: “ಅಂಜಬ್ಯಾಡ ಕೂಸ. ಈಗ ಕೂಗತೈತಿ. ಮೂರ ಸಲ. ಆಮ್ಯಾಲೆ ಇಲ್ಲ.”

ಮದುವೆ ಮುಂಜಿಗೆ ಕರೆಯುವವರು ಕರೆಯುವುದನ್ನು ಬಿಟ್ಟಿದ್ದರು. ಗಂಡ ದೂರದ ಊರಿಗೆ ವರ್ಗ ಮಾಡಿಸಿಕೊಂಡು ಹೋದವನು ಫೋನಿನಲ್ಲಷ್ಟೇ ಗಂಡನಾಗಿ ಉಳಿದಿದ್ದ. ಶಶಿಕಲಾಗೆ ಮಾತಾಡಲು ಇದ್ದವಳು ಮೇದಿನಿ ಒಬ್ಬಳೇ. ಅವಳು ಉತ್ತರ ಕೊಡುವುದೋ, ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ.

ಅಂಥ ಮನೆಗೆ ಬಂದದ್ದು ಧಾರವಾಡದ ವಿಜ್ಞಾನಿ ಡಾ. ಕಟ್ಟೀಮನಿಯವರು ರೂಪಿಸಿದ ‘ಭೀತಿಶೋಧಕ’. ಕಿವಿಯ ಮೇಲೆ ಕೂರುವ ಎರಡು ಬಟ್ಟಲು, ಅವನ್ನು ಜೋಡಿಸುವ ಒಂದು ಪಟ್ಟಿ. ಮೊದಲ ವಾರ ಅದು ಏನನ್ನೂ ತಡೆಯುವುದಿಲ್ಲ, ಕಲಿಯುತ್ತದೆ. ಎದೆಬಡಿತ ಏರುವಾಗ ಯಾವ ಸದ್ದು ಕೇಳುತ್ತಿತ್ತು ಎಂಬುದನ್ನು ಗುರುತಿಟ್ಟುಕೊಳ್ಳುತ್ತದೆ. ಎರಡನೆಯ ವಾರದಿಂದ ಆ ಸದ್ದಿಗೆ ವಿರುದ್ಧವಾದ ತರಂಗ ಹೊರಡಿಸಿ ಅದನ್ನು ಕಿವಿಯ ಹೊಸ್ತಿಲಲ್ಲೇ ಅಳಿಸಿಬಿಡುತ್ತದೆ. ಉಳಿದದ್ದನ್ನು ಒಳಗೆ ಬಿಡುತ್ತದೆ. ಶಶಿಕಲಾ ಅದಕ್ಕೆ ‘ಸಾಣಿಗೆ’ ಎಂದೇ ಹೆಸರಿಟ್ಟಳು. ಹಿಟ್ಟು ಸೋಸುವ ಸಾಣಿಗೆಯೂ ಅದೇ ಕೆಲಸವನ್ನಲ್ಲವೇ ಮಾಡುವುದು!

ಇಪ್ಪತ್ತು ದಿನ ಸುಖವಾಗಿ ಕಳೆದವು, ಮೇದಿನಿ ಅದನ್ನು ನಿದ್ದೆಯಲ್ಲೂ ತೆಗೆಯಲಿಲ್ಲ. ಊಟಕ್ಕೆ ಕರೆದರೆ ಮೇದಿನಿ ಬರುತ್ತಿರಲಿಲ್ಲ, ನಿಜ. ಆದರೆ ಮೊದಲೂ ಕರೆದ ಕೂಡಲೇ ಓಡಿಬರುವ ಮಗುವೇನಲ್ಲ ಅದು. ಒಂದು ಬೆಳಿಗ್ಗೆ ಹಾಲು ಹಾಕುವ ನಿಂಗವ್ವ ಬಾಗಿಲಿನಿಂದ ಹೆಸರು ಹಿಡಿದು ಕರೆದಾಗ ಮೇದಿನಿ ಥಟ್ಟನೆ ತಿರುಗಿದಳು.

“ನಿಮ್ಮವ್ವನ ಕರಿಯವ್ವಾ,” ಎಂದಳು ನಿಂಗವ್ವ.

“ಅವ್ವಗ ದನಿ ಹೋಗೈತಿ,” ಎಂದಳು ಮೇದಿನಿ. “ಬಾಯಿ ಅಷ್ಟ ಆಡಸ್ತಾಳ.”

ಬಾಗಿಲ ಹಿಂದೆಯೇ ಇದ್ದ ಶಶಿಕಲಾ ಅದನ್ನು ಕೇಳಿಸಿಕೊಂಡಳು. ಆ ದಿನವೇ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋದಳು.

ಕಟ್ಟೀಮನಿಯವರು ಯಂತ್ರ ಸೋಸಿದ ಸದ್ದುಗಳ ಯಾದಿಯನ್ನು ಪರದೆಯ ಮೇಲೆ ತೆರೆದರು. ಮೂರನೆಯದು ಮಿಕ್ಸರ್, ಎರಡನೆಯದು ಕುಕ್ಕರ್. ಮೊದಲನೆಯದು ತಾಯಿಯ ದನಿ.

“ನಾ ಒಂದ ದಿನಾ ಗದರಿಸಿಲ್ರಿ ಡಾಕ್ಟರ್!” ಎಂದಳು ಶಶಿಕಲಾ.

“ಗದರಿಸಿಲ್ರಿ, ಖರೆ. ಆದ್ರ ಪ್ರತಿ ಅಂಜಿಕಿಗೂ ಮೊದಲ ನಿಮ್ಮ ದನಿ ಬಂದೈತಿ. ನೀವು ‘ಅಂಜಬ್ಯಾಡ’ ಅಂದ ಕೂಡ್ಲೇ ಎದಿ ಡವಡವ ಅಂದೈತಿ, ಕುಕ್ಕರ್ ಆಮ್ಯಾಲೆ ಕೂಗೈತಿ. ಸಮಾಧಾನ ಯಾವುದು, ಹೆದರಿಕಿ ಯಾವುದು, ಯಂತ್ರಕ್ಕ ತಿಳಿಯಂಗಿಲ್ಲ. ನಮಗೂ ಇದು ಹೊಳೀಲಿಲ್ರಿ.”

“ನನ್ನ ದನಿ ಒಂದ ಬಿಡಸ್ರಿ.”

“ಒಂದ ಬಿಡಸಾಕ ಬರಂಗಿಲ್ಲ. ಯಾದಿ ಪೂರಾ ಅಳಿಸಿ ಮತ್ತ ಕಲಿಸಬೇಕು. ಆ ವಾರ ಎಲ್ಲಾ ಸಪ್ಪಳ ಕೇಳಸ್ತಾವ, ನೀವು ಮಾತ್ರ ತುಟಿ ಬಿಚ್ಚಬಾರದು. ಕೂಸು ಒಬ್ಬಾಕೀನ ಅಂಜಬೇಕಾಗತೈತಿ. ವಿಚಾರ ಮಾಡಿ ನಾಳೆ ಹೇಳ್ರಿ.”

ಬಸ್ಸಿನಲ್ಲಿ ಶಶಿಕಲಾ “ಕೂಸ” ಎಂದು ಕರೆದಳು. ಮತ್ತೆ ಕರೆದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮೇದಿನಿ ಕಿಟಕಿಯಾಚೆಯ ಕಂಬಗಳನ್ನು ಎಣಿಸುತ್ತಿದ್ದಳು. ಗಂಡ ಪೆಟ್ಟಿಗೆ ಎತ್ತಿಕೊಂಡು ಹೊರಟ ದಿನವೂ ಶಶಿಕಲಾಗೆ ಇಷ್ಟು ಒಂಟಿ ಎನಿಸಿರಲಿಲ್ಲ. ಮಗಳ ಭಯ ಹೋಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು, ಆ ಭಯದ ಜೊತೆ ತಾನೂ ಹೋಗುತ್ತೇನೆಂದು ಎಣಿಸಿರಲಿಲ್ಲ.

ಸಂಜೆ ಕುಕ್ಕರ್ ಇಟ್ಟಳು. ಹಬೆ ಸುಸ್ಸೆಂದಿತು. ಆರು ವರ್ಷದ ರೂಢಿ ಬಿಡುವುದುಂಟೇ? ಕೇಳಿಸದೆಂದು ಗೊತ್ತಿದ್ದೂ ಮಗಳ ಮುಂದೆ ಮೊಣಕಾಲೂರಿದಳು. “ಅಂಜಬ್ಯಾಡ” ಎಂದದ್ದೇ, ಮುಂದಿನ ಮಾತಿನ ಬದಲು ಅಳು ಬಂತು.

ಮೇದಿನಿ ತಾಯಿಯ ತುಟಿ ನೋಡಿದಳು, ಕಣ್ಣೀರು ನೋಡಿದಳು, ಕುಕ್ಕರಿನ ಹಬೆ ನೋಡಿದಳು. ಕುಕ್ಕರಿಗೆ ಹೆದರಿದವರು ಹೇಗಿರುತ್ತಾರೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಾರು? ತನ್ನ ಕಿವಿಯಿಂದ ಸಾಣಿಗೆಯನ್ನು ತೆಗೆದು ತಾಯಿಯ ಕಿವಿಗೆ ಹಾಕಿದಳು.

“ಅಂಜಬ್ಯಾಡ ಅವ್ವ. ಈಗ ಕೂಗತೈತಿ. ಮೂರ ಸಲ. ಆಮ್ಯಾಲೆ ಇಲ್ಲ.”

ಶಶಿಕಲಾಗೆ ಕುಕ್ಕರ್ ಕೇಳಿಸಲಿಲ್ಲ. ಮಗಳು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದ್ದು, ಪುಟ್ಟ ಹೆಗಲು ಬೆಚ್ಚಿದ್ದು ಕಾಣಿಸಿತು. ಅವಳ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಒಂದು.” ಸ್ವಲ್ಪ ಹೊತ್ತು ಬಿಟ್ಟು, “ಎರಡು.” ಮಂಚದ ಕಡೆಗೊಮ್ಮೆ ನೋಡಿದಳು, ಹೋಗಲಿಲ್ಲ. “ಮೂರು.” ಕೈಗಳನ್ನು ಇಳಿಸಿ, “ಇಲ್ಲ,” ಎಂದು ಮತ್ತೆ ಮುಚ್ಚಳ ಜೋಡಿಸತೊಡಗಿದಳು.

“ಶಾಣ್ಯಾಕಿ, ನನ್ನ ಕೂಸು,” ಎಂದಳು ಶಶಿಕಲಾ. ಅದು ತಲೆಯೊಳಗೆ ಗುಂಯ್ ಎಂದಿತೇ ಹೊರತು, ತಾಯಿಯ ದನಿಯನ್ನು ಸಾಣಿಗೆ ತಾಯಿಯ ಕಿವಿಗೂ ಬಿಡಲಿಲ್ಲ.

ಮೇದಿನಿ ಮುಚ್ಚಳಗಳ ಸಾಲಿನಿಂದ ತಲೆಯೆತ್ತಿದಳು.

“ಅವ್ವಗ ದನಿ ಬಂತು,” ಎಂದಳು.