ಮೂರು ಸಲ ಹೆಸರಿಟ್ಟ ಮಗು

"ಮೂರು ಜನ ಎಲಿಷಾ ಲಾಕ್ ಇದ್ದಾರೆ, ಮಿಸ್ ಲಾಕ್," ಎಂದು ಪ್ರಾಸರ್ ಹೇಳಿದ ದಿನವೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅಪ್ಪನ ಅಜ್ಜಿ ಕಿಝಾಯ ಹುಟ್ಟಿದ್ದೆಲ್ಲಿ ಎಂದು ತಿಳಿಯಲು ಹೆರೆಫರ್ಡಿನ ದಾಖಲೆ ಕಚೇರಿಗೆ ಹೋಗಿದ್ದೆ. ಜಿಪ್ಸಿ ಬಂಡಿಯಲ್ಲಿ ಬೆಳೆದ ನನಗೆ ಓದು ಅಷ್ಟಕ್ಕಷ್ಟೆ. ಹಳೆಯ ಚರ್ಚಿನ ಪುಸ್ತಕಗಳನ್ನು ಅಲ್ಲಿನ ಗುಮಾಸ್ತರಾದ ಪ್ರಾಸರೇ ಓದಿ ಹೇಳುತ್ತಿದ್ದರು. ಅವರ ಬೆರಳು ಸಾಲಿನ ಕೆಳಗೆ ಮೆಲ್ಲಗೆ ಸರಿಯುತ್ತಿತ್ತು. ನಾನು ಸಾಲನ್ನು ನೋಡುತ್ತಿರಲಿಲ್ಲ.

1871ರಲ್ಲಿ ಮೂರು ಊರಿನ ಚರ್ಚುಗಳಲ್ಲಿ ಮೂವರು ಕಿಝಾಯರಿಗೆ ದೀಕ್ಷಾಸ್ನಾನವಾಗಿತ್ತು. ಮೂವರಿಗೂ ತಂದೆ ಎಲಿಷಾ ಲಾಕ್. ಒಂದು ಕಡೆ ಬುಟ್ಟಿ ಹೆಣೆಯುವವನು, ಒಂದು ಕಡೆ ಚಾಕು ಸಾಣೆ ಹಿಡಿಯುವವನು, ಮತ್ತೊಂದು ಕಡೆ ಕುದುರೆ ವ್ಯಾಪಾರಿ.

"ಮೂರು ಕಸುಬು ಅಂದ್ರೆ ಮೂರು ಜನ. ದಾಯಾದಿಗಳಿರಬೇಕು," ಎಂದರು ಪ್ರಾಸರ್. "ಆದ್ರೆ ದೊಡ್ಡವಳಾಗಿದ್ದು ಒಬ್ಬಳೇ ಕಿಝಾಯ. ಉಳಿದಿಬ್ರು ಎಳೇ ವಯಸ್ಸಲ್ಲೇ ಹೋಗಿರಬೇಕು, ಪಾಪ. ಅವರ ಸಮಾಧಿ ಸಿಕ್ರೆ ನಿಮ್ಮವಳು ಯಾರ ಮಗಳು ಅಂತ ಗೊತ್ತಾಗುತ್ತೆ. ಮುಂದಿನ ಬುಧವಾರ ಬರ್ತೀರಾ?"

ಮುಂದಿನ ಬುಧವಾರ ಎಂದಾಕ್ಷಣ ನಿಜ ಹೇಳದೆ ತಲೆಯಾಡಿಸಿಬಿಟ್ಟೆ. ನಮ್ಮವರು ಯಾರೇ ಆಗಿದ್ದರೂ ಆ ಮೂವರ ಲೆಕ್ಕ ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಬಂಡಿ ನಿಂತ ಊರಲ್ಲೆಲ್ಲ ಅದೇ ಮಗುವಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸಿ, ಪಾದ್ರಿಯ ಹೆಂಡತಿಯಿಂದ ಉಣ್ಣೆ ಬಟ್ಟೆ, ಕೇಕು ಪಡೆಯುವುದು ನಮ್ಮ ಹಿರಿಯರ ರೂಢಿ. ಕಸುಬೂ ಅಷ್ಟೆ, ಆ ತಿಂಗಳು ಕೈಗೆ ಸಿಕ್ಕಿದ್ದು. ಎಲಿಷಾ ಒಬ್ಬನೇ, ಕಿಝಾಯ ಒಬ್ಬಳೇ.

ನಾಲ್ಕು ತಿಂಗಳ ಬುಧವಾರಗಳೆಲ್ಲ ಹೀಗೇ ಕಳೆದವು.

"ಮಿಸ್ ಲಾಕ್, ಪುಸ್ತಕ ಈ ಕಡೆ ಇದೆ."

"ಗೊತ್ತು. ನಿಮ್ಮ ಕಾಲರ್ ಒಂದು ಕಡೆ ಮಡಚಿಕೊಂಡಿದೆ."

ಅವರ ಕಿವಿ ಕೆಂಪಾಗುತ್ತಿತ್ತು. ಬಂಡಿಗೆ ಮರಳಿದ ಮೇಲೆ ವಾರವಿಡೀ ನನಗೆ ಆ ಕಿವಿಯದೇ ಚಿಂತೆ.

ಸೆಪ್ಟೆಂಬರಿನಲ್ಲಿ ನಾವು ಕೂಲಿಗೆ ಬಂದಿದ್ದ, ಬಿಯರಿಗೆ ಹಾಕುವ ಹಾಪ್ ಹೂವಿನ ಕೊಯ್ಲು ಮುಗಿಯಿತು. ಸೋಮವಾರ ಬಂಡಿ ಹೊರಡಿಸುತ್ತೇನೆ ಎಂದ ಅಪ್ಪ. ಆಮೇಲೆ ಎಲ್ಲಿಯ ಹೆರೆಫರ್ಡು, ಎಲ್ಲಿಯ ಪ್ರಾಸರ್. ಕೊನೆಯ ಬುಧವಾರ ಹೋಗಿ ಕುಳಿತಾಗ ಅವರೇ ಮಾತು ತೆಗೆದರು.

"ಶನಿವಾರ ಸೈಕಲ್ ತಗೊಂಡು ಆ ಮೂರು ಊರಲ್ಲೊಂದು, ಆಲ್ಡರ್‌ಬ್ರೂಕ್ ಚರ್ಚಿಗೆ ಹೋಗಿದ್ದೆ. ಬೇಲಿ ಪಕ್ಕ ಪುಟ್ಟ ದಿಬ್ಬ ಇದೆ, ಹೆಸರಿಲ್ಲ. ನಿಮ್ಮ ವಂಶದ ಮಗು ಇರಬಹುದು ಅಂತ ಹೂ ಇಟ್ಟೆ. ಯಾಕೋ ಅಳು ಬಂತು."

ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವರು ಪುಸ್ತಕ ಮುಚ್ಚಿದರು. "ಮೊದಲ ದಿನಾನೇ ಗೊತ್ತಿತ್ತಾ?"

"ಹೂಂ."

"ಎಂಥ ಪೆದ್ದ ಅಂತ ನಗ್ತಿದ್ರಾ?"

"ಒಂದ್ಸಲಾನೂ ನಗ್ಲಿಲ್ಲ. ನಾನು ಬಾಯಿ ಬಿಟ್ಟಿದ್ರೆ ಹುಡುಕೋಕೆ ಏನೂ ಉಳೀತಿರ್ಲಿಲ್ಲ. ನಿಮ್ಮ ಪಕ್ಕ ಕೂರೋಕೆ ನನಗೆ ಬೇರೆ ನೆಪ ಎಲ್ಲಿತ್ತು?"

ಅವರು ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದು ಕಿಝಾಯಳ ಹೆಸರಿನ ಮೇಲೆ ಬೆರಳಿಟ್ಟರು. ಎದ್ದು ಹೋಗಿಬಿಡಲೇ ಎನ್ನಿಸಿತು.

"ಹಾಗಾದ್ರೆ ಆ ಎರಡು ಮಕ್ಕಳು ಸಾಯ್ಲಿಲ್ಲ," ಎಂದರು ಕೊನೆಗೆ.

"ಹುಟ್ಟಲೇ ಇಲ್ಲ. ನಮ್ಮ ಕಿಝಾಯ ಎಂಬತ್ತು ವರ್ಷ ಪೈಪು ಸೇದ್ಕೊಂಡು ಎಲ್ಲರನ್ನೂ ಬೈಕೊಂಡು ಬದುಕಿದ್ಲು."

ಅವರು ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು. "ನಾಳೆ ನನಗೆ ರಜೆ, ಮಿಂಟಿ. ನಿಮ್ಮ ಬಂಡಿ ಎಲ್ಲಿ ನಿಂತಿದೆ?"

ಸಿನಮಿಂಟಿ ಎಂಬ ಉದ್ದ ಹೆಸರನ್ನು ಮನೆಯವರಂತೆ ಮೊಟಕು ಮಾಡಿ ಅವರು ಕರೆದದ್ದು ಅದೇ ಮೊದಲು. ಗೋಡೆಯ ನಕಾಶೆಯಲ್ಲಿ ನದಿಯ ತಿರುವನ್ನು ತೋರಿಸಿದೆ.

"ವಂಶವೃಕ್ಷ ಬರೆದಿಟ್ಟಿದ್ದೀನಿ. ನಿಮ್ಮಪ್ಪನಿಗೆ ತರಲಾ?"

"ಕಾಗದ ಬೇಡ. ಕಾಗದ ಹಿಡ್ಕೊಂಡು ನಮ್ಮ ಬಂಡಿ ಹತ್ರ ಬಂದೋರೆಲ್ಲ ಎಬ್ಬಿಸಿ ಓಡಿಸೋಕೇ ಬಂದೋರು. ಬರಿಗೈಲಿ ಬನ್ನಿ."

"ಯಾಕೆ ಬಂದೆ ಅಂತ ಅವರು ಕೇಳಿದ್ರೆ?"

"ನೀವೇ ಹೇಳ್ಬೇಕು. ಅದನ್ನ ಕೇಳೋಕೆ ನಾನೂ ಅಲ್ಲೇ ಇರ್ತೀನಿ."